ಹಲಸಿನ ಹಣ್ಣಿನ ನುಸಿಯೂ ನಮ್ಮ ಹುಟ್ಟುಗುಣವೂ

ಹಲಸಿನ ಕಾಲದಲ್ಲಿ ಕುಮಟಾ, ಹೊನ್ನಾವರ, ಭಟ್ಕಳದ ಯಾವ ಮನೆಯ ಜಗಲಿಯಲ್ಲಾದರೂ ಒಂದು ಹಣ್ಣು ಕೊಯ್ದು ನೋಡಿ. ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ ಮುಗಿಯುವುದರೊಳಗೆ ಎಲ್ಲಿಂದಲೋ ಸಣ್ಣ ನುಸಿಗಳು ಬಂದು ಮುತ್ತುತ್ತವೆ. ಸ್ವಲ್ಪ ಹೊತ್ತಿನ ಹಿಂದೆ ಅಲ್ಲಿ ಒಂದೂ ಇರಲಿಲ್ಲ. ಅಡಿಗೆಮನೆಯಲ್ಲಿ ಬಾಳೆಹಣ್ಣು ಕಳಿತರೂ, ಗುಡ್ಡದಲ್ಲಿ ಗೇರುಹಣ್ಣು ಬಿದ್ದು ಹುಳಿತರೂ ಇದೇ ಕತೆ. ಹಣ್ಣು ಇಲ್ಲಿದೆ ಎಂದು ಅವಕ್ಕೆ ಹೇಳಿದವರಾರು? ಅವುಗಳ ತಾಯಿಯಂತೂ ಅಲ್ಲ. ಹಣ್ಣಿನ ಮೇಲೆ ಮೊಟ್ಟೆಯಿಟ್ಟು ಹಾರಿಹೋಗುವ ತಾಯಿ ಮರಿಗಳನ್ನು ಸಾಕುವುದೂ ಇಲ್ಲ, ಪಾಠ ಹೇಳುವುದೂ ಇಲ್ಲ. ಇದು ಹುಟ್ಟಿನಿಂದಲೇ ಬಂದ ಗುಣ.

ಇನ್ನೊಂದು ಉದಾಹರಣೆ ನೋಡೋಣ. ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಮನೆತನವನ್ನು ಅರಿಯದವರು ಈ ಜಿಲ್ಲೆಯಲ್ಲಿ ಕಡಿಮೆ. 1934ರಲ್ಲಿ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದರು. ಅವರ ನಂತರ ಮಗ ಶಂಭು ಹೆಗಡೆ, ಮೊಮ್ಮಗ ಶಿವಾನಂದ ಹೆಗಡೆ, ಮರಿಮಗ ಶ್ರೀಧರ ಹೆಗಡೆ, ಹೀಗೆ ನಾಲ್ಕು ತಲೆಮಾರು ಗೆಜ್ಜೆ ಕಟ್ಟಿದೆ. ಆಟ ನೋಡಿ ಬೆಳಗಿನ ಜಾವ ಮನೆಗೆ ಮರಳುವವರು ಹೇಳುವ ಮಾತು ಒಂದೇ: 'ಅದು ಅವರ ರಕ್ತದಲ್ಲೇ ಇದೆ.'

ಮೂರನೆಯದು ಅಷ್ಟು ಸಂತೋಷದ್ದಲ್ಲ. ಊರಿನಲ್ಲಿ ಒಂದು ಸಂಬಂಧ ಕೂಡಿಬಂದಿರುತ್ತದೆ. ಜಾತಕ ಹೊಂದಿದೆ, ಹುಡುಗ-ಹುಡುಗಿ ಒಪ್ಪಿದ್ದಾರೆ. ಅಷ್ಟರಲ್ಲಿ ಯಾರೋ ತಗ್ಗಿದ ದನಿಯಲ್ಲಿ, ಹುಡುಗಿಯ ಚಿಕ್ಕಪ್ಪನಿಗೆ ಹಿಂದೆ ತಲೆ ಕೆಟ್ಟಿತ್ತಂತೆ ಎನ್ನುತ್ತಾರೆ. ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದನ್ನು ಹೆದರಿ ಎಷ್ಟೋ ಮನೆಗಳು ಕಾಯಿಲೆ ಬಿದ್ದವರನ್ನು ಒಳಕೋಣೆಯಲ್ಲಿ ಬಚ್ಚಿಡುತ್ತವೆ, ವೈದ್ಯರ ಬಳಿಗೂ ಒಯ್ಯುವುದಿಲ್ಲ.

ನುಸಿಯ ಹಾರಾಟ, ಕಲಾವಿದನ ಕುಣಿತ, ಚಿಕ್ಕಪ್ಪನ ಕಾಯಿಲೆ ಮೂರಕ್ಕೂ ನಾವು ಬಳಸುವ ಶಬ್ದ ಒಂದೇ: ಹುಟ್ಟುಗುಣ. ಅದು ಸುಟ್ಟರೂ ಹೋಗದು ಎಂದು ಗಾದೆ ಬೇರೆ. ಆದರೆ ಈ ಮೂರೂ ಒಂದೇ ಬಗೆಯವೇ? ವಂಶವಾಹಿಗಳು, ಅಂದರೆ ಜೀನ್‌ಗಳು, ಮಿದುಳಿನೊಳಗೆ ನಡವಳಿಕೆಯನ್ನು ಹೇಗೆ ರೂಪಿಸುತ್ತವೆ? ಈ ಪ್ರಶ್ನೆಗೆ ಊಹೆಯಿಂದಲ್ಲ, ಪ್ರಯೋಗದಿಂದ ಉತ್ತರ ಹುಡುಕುವ ಉಪಕರಣಗಳು ಕಳೆದ ಐವತ್ತು-ಅರವತ್ತು ವರ್ಷಗಳಲ್ಲಿ ಸಿದ್ಧವಾಗಿವೆ. ಆ ಉಪಕರಣಗಳ ಕತೆಯಲ್ಲಿ ಮುಖ್ಯ ಪಾತ್ರಧಾರಿ ನಮ್ಮ ಹಲಸಿನ ಹಣ್ಣಿನ ನುಸಿಯೇ. ಆ ಕತೆಯ ಒಂದು ದೊಡ್ಡ ಭಾಗ ನಡೆದದ್ದು ಬೆಂಗಳೂರಿನಲ್ಲಿ.

ನುಸಿಯೇ ಏಕೆ?

ಮೊದಲು ಒಂದು ಗೊಂದಲ ಬಿಡಿಸಬೇಕು. ಮಾವು ಬೆಳೆಯುವವರು 'ಹಣ್ಣುನೊಣ' ಎಂದು ಬಯ್ಯುವುದು ಬೇರೊಂದು ಕೀಟವನ್ನು. ಅದು ಗಾತ್ರದಲ್ಲಿ ದೊಡ್ಡದು, ಗಟ್ಟಿ ಕಾಯಿಗೇ ಚುಚ್ಚಿ ಮೊಟ್ಟೆಯಿಡುತ್ತದೆ. ಅದರ ಗಂಡುಗಳು ಮೀಥೈಲ್ ಯೂಜಿನಾಲ್ ಎಂಬ ವಸ್ತುವಿನ ವಾಸನೆಗೆ ಮರುಳಾಗುತ್ತವೆ ಎಂಬುದನ್ನು ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟ್ 1915ರಲ್ಲಿ ತೋರಿಸಿಕೊಟ್ಟರು. ತುಳಸಿಯಲ್ಲಿಯೂ ಈ ವಸ್ತು ಉಂಟು. ಇಂದು ಮಾವಿನ ತೋಟಗಳಲ್ಲಿ ತೂಗುವ ಮೋಹಕ ಬಲೆಗಳ ಮೂಲ ಅದೇ. ವಾಸನೆಯೊಂದು ಕೀಟದ ನಡವಳಿಕೆಯನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ನಮ್ಮ ಕಥಾನಾಯಕ ಅದಲ್ಲ. ಕಳಿತ ಹಣ್ಣಿನಲ್ಲಿ ಹುದುಗುವ ಹುಳಿಯ ವಾಸನೆಗೆ ಬರುವ ಈ ಪುಟ್ಟ ನುಸಿಯ ಹೆಸರು ಡ್ರೊಸೊಫಿಲಾ. ಉದ್ದ ಮೂರು ಮಿಲಿಮೀಟರಿಗಿಂತ ಕಡಿಮೆ. ಅಮೆರಿಕದ ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಕೆಂಪು ಕಣ್ಣಿನ ನುಸಿಗಳ ನಡುವೆ ಬಿಳಿ ಕಣ್ಣಿನದೊಂದನ್ನು ಕಂಡಂದಿನಿಂದ ಅದು ತಳಿವಿಜ್ಞಾನಿಗಳ ಒಡನಾಡಿ. ಸಾಕುವುದು ಸುಲಭ: ಒಂದು ಬಾಟಲಿ, ತಳದಲ್ಲಿ ಒಂದಿಷ್ಟು ಹಿಟ್ಟು-ಬೆಲ್ಲದ ಅಂಬಲಿ, ಬಾಯಿಗೆ ಹತ್ತಿ ಸಾಕು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆ ಹತ್ತೇ ದಿನದಲ್ಲಿ ಬೆಳೆದ ನುಸಿಯಾಗುತ್ತದೆ. ನಾಲ್ಕು ತಲೆಮಾರು ನೋಡಲು ಮನುಷ್ಯನಿಗೆ ನೂರು ವರ್ಷ ಬೇಕು. ನುಸಿಗೆ ಒಂದೂವರೆ ತಿಂಗಳು. ನಮ್ಮಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇಂಥ ನುಸಿಗಳ ತಳಿಗಳನ್ನು ಬಾಟಲಿಗಳಲ್ಲಿ ಕಾಪಾಡಿಕೊಂಡು ಬರುವ ಭಂಡಾರವೇ ಇದೆ.

ಗಸಗಸೆ ಕಾಳಿನಷ್ಟರ ಅದರ ಮಿದುಳಿನಲ್ಲಿ ಎಷ್ಟು ನರಕೋಶಗಳಿವೆ? 2024ರಲ್ಲಿ ವಿಜ್ಞಾನಿಗಳು ಒಂದು ಹೆಣ್ಣು ನುಸಿಯ ಮಿದುಳಿನ ಪೂರ್ತಿ ನಕ್ಷೆ ಪ್ರಕಟಿಸಿದರು. ಅದರಲ್ಲಿ 1,39,255 ನರಕೋಶಗಳು, ಅವುಗಳ ನಡುವೆ ಐದು ಕೋಟಿಗೂ ಮಿಕ್ಕ ಬೆಸುಗೆಗಳು ಇದ್ದವು. ಮನುಷ್ಯನ ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಅಂತರ ಅಗಾಧ, ನಿಜ. ಆದರೆ ಎರಡೂ ಮಿದುಳುಗಳನ್ನು ಕಟ್ಟಿದ ಸಾಮಗ್ರಿ ಬಹುಮಟ್ಟಿಗೆ ಒಂದೇ. ಮನುಷ್ಯರಲ್ಲಿ ರೋಗಕ್ಕೆ ಸಂಬಂಧಿಸಿದ ವಂಶವಾಹಿಗಳ ಪೈಕಿ ಸುಮಾರು ಮುಕ್ಕಾಲು ಪಾಲಿನ ಬಂಧುಗಳು ನುಸಿಯಲ್ಲೂ ಸಿಗುತ್ತವೆ.

ಒಂದು ಭಾಗ ಕೆಡಿಸಿ ನೋಡುವ ವಿಧಾನ

1960ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಸೀಮೋರ್ ಬೆಂಜರ್ ಒಂದು ಸರಳ ಉಪಾಯ ಹೂಡಿದರು. ನುಸಿಗಳಿಗೆ ರಾಸಾಯನಿಕ ತಿನ್ನಿಸಿ ಅವುಗಳ ಸಂತಾನದಲ್ಲಿ ಅಲ್ಲೊಂದು ಇಲ್ಲೊಂದು ವಂಶವಾಹಿ ಕೆಡುವಂತೆ ಮಾಡುವುದು. ಅನಂತರ ಸಾವಿರಾರು ಮರಿಗಳ ನಡುವೆ ನಡವಳಿಕೆ ತಪ್ಪಿದವನ್ನು ಹೆಕ್ಕುವುದು. ಕೆಟ್ಟದ್ದು ಯಾವ ವಂಶವಾಹಿ ಎಂದು ಗೊತ್ತಾದರೆ, ಆ ನಡವಳಿಕೆಗೆ ಅದು ಬೇಕೆಂದು ಗೊತ್ತಾದಂತೆ.

1971ರಲ್ಲಿ ಅವರ ವಿದ್ಯಾರ್ಥಿ ರೊನಾಲ್ಡ್ ಕೊನೊಪ್ಕಾ ಮೂರು ವಿಚಿತ್ರ ತಳಿಗಳನ್ನು ಹಿಡಿದರು. ಸಾಮಾನ್ಯ ನುಸಿಯ ಒಳಗಡಿಯಾರಕ್ಕೆ ದಿನವೆಂದರೆ 24 ಗಂಟೆ. ಈ ಮೂರರಲ್ಲಿ ಒಂದಕ್ಕೆ ದಿನವೆಂದರೆ 19 ಗಂಟೆ, ಇನ್ನೊಂದಕ್ಕೆ 28 ಗಂಟೆ, ಮೂರನೆಯದಕ್ಕೆ ಹಗಲಿರುಳಿನ ಲೆಕ್ಕವೇ ಇಲ್ಲ. ಮೂರರಲ್ಲೂ ಕೆಟ್ಟಿದ್ದು ಒಂದೇ ವಂಶವಾಹಿ. ಅದಕ್ಕೆ 'ಪೀರಿಯಡ್' ಎಂದು ಹೆಸರಿಟ್ಟರು. ಅದು ಕೆಲಸ ಮಾಡುವ ಬಗೆಯನ್ನು ಬಿಡಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮ ನಿದ್ದೆ-ಎಚ್ಚರಗಳನ್ನು ನಡೆಸುವ ಗಡಿಯಾರದಲ್ಲೂ ಅದೇ ಜಾತಿಯ ವಂಶವಾಹಿಗಳಿವೆ.

ಇದೇ ಬೆಂಜರ್ ಜೊತೆ ಕೆಲಸ ಮಾಡಿದ ಭಾರತೀಯ ಒಬೈದ್ ಸಿದ್ದಿಕಿ. 1932ರಲ್ಲಿ ಉತ್ತರಪ್ರದೇಶದ ಬಸ್ತಿಯಲ್ಲಿ ಹುಟ್ಟಿದ ಅವರು, ಹೋಮಿ ಭಾಭಾ ಅವರ ಕರೆಯ ಮೇರೆಗೆ 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣು ಜೀವವಿಜ್ಞಾನದ ಘಟಕ ಆರಂಭಿಸಿದ್ದರು. ಬೆಂಜರ್ ಮತ್ತು ಸಿದ್ದಿಕಿ 1976ರಲ್ಲಿ ಪ್ರಕಟಿಸಿದ ಕೆಲಸ, ಬಿಸಿ ತಗುಲಿದರೆ ಪಾರ್ಶ್ವವಾಯು ಬಡಿದಂತೆ ಬಿದ್ದುಬಿಡುವ ನುಸಿಗಳನ್ನು ಕುರಿತದ್ದು. ತಂಪಿನಲ್ಲಿ ಅವು ಎಲ್ಲ ನುಸಿಗಳಂತೆ ಓಡಾಡುತ್ತವೆ. ಉಷ್ಣತೆ ಒಂದು ಮಟ್ಟ ಮೀರಿತೋ, ಕಾಲು ಮೇಲೆ ಮಾಡಿ ಬೀಳುತ್ತವೆ. ಮತ್ತೆ ತಂಪಿಗೆ ತಂದರೆ ಏನೂ ಆಗದಂತೆ ಎದ್ದು ನಡೆಯುತ್ತವೆ.

ಅಂಥ ಒಂದು ತಳಿಗೆ 'ಶಿಬಿರೆ' ಎಂದು ಹೆಸರು. ಜಪಾನೀ ಭಾಷೆಯಲ್ಲಿ ಜೋಮು, ಮರಗಟ್ಟುವಿಕೆ ಎಂಬ ಅರ್ಥ. 29 ಡಿಗ್ರಿ ದಾಟಿದರೆ ಅದಕ್ಕೆ ಜೋಮು. ಭಟ್ಕಳದ ಮೇ ತಿಂಗಳ ಮಧ್ಯಾಹ್ನದಲ್ಲಾದರೆ ಪ್ರಯೋಗಾಲಯವೇ ಬೇಡ, ಅಂಗಳದಲ್ಲೇ ಉರುಳಿಬೀಳುತ್ತದೆ!

ಏಕೆ ಹಾಗೆ? ಇದಕ್ಕೆ ನಮ್ಮ ಬಂದರಿನ ವ್ಯಾಪಾರವನ್ನು ನೆನೆಯಬಹುದು. ಕಾಸರಕೋಡಿನಲ್ಲೋ ತದಡಿಯಲ್ಲೋ ಮೀನು ತುಂಬಿದ ಪೆಟ್ಟಿಗೆಗಳು ಲಾರಿ ಹತ್ತಿ ಹೋಗುತ್ತವೆ. ಮೀನು ಇಳಿಸಿದ ಖಾಲಿ ಪೆಟ್ಟಿಗೆಗಳು ಮರಳಿ ಬಂದರೆ ಮಾತ್ರ ಮರುದಿನದ ಮೀನು ತುಂಬಲು ಸಾಧ್ಯ. ಪೆಟ್ಟಿಗೆ ಬಾರದಿದ್ದರೆ ದೋಣಿ ತುಂಬ ಮೀನಿದ್ದರೂ ವ್ಯಾಪಾರ ಬಂದ್. ನರಕೋಶಗಳೂ ಹೀಗೆಯೇ ಸಣ್ಣ ಚೀಲಗಳಲ್ಲಿ ರಾಸಾಯನಿಕ ತುಂಬಿ ಪಕ್ಕದ ಕೋಶಕ್ಕೆ ಸುದ್ದಿ ಕಳಿಸುತ್ತವೆ. ಖಾಲಿಯಾದ ಚೀಲಗಳನ್ನು ಮರಳಿ ತರುವ ಪ್ರೋಟೀನಿನ ಹೆಸರು ಡೈನಮಿನ್. ಶಿಬಿರೆ ತಳಿಯಲ್ಲಿ ಕೆಟ್ಟಿರುವುದು ಈ ಡೈನಮಿನ್ನೇ ಎಂದು 1991ರಲ್ಲಿ ತಿಳಿಯಿತು. ಬಿಸಿಯಲ್ಲಿ ಅದು ಕೈಕೊಡುತ್ತದೆ, ಚೀಲಗಳು ಮರಳುವುದಿಲ್ಲ, ಸುದ್ದಿ ನಿಲ್ಲುತ್ತದೆ. ಇಂಥದೇ ಇನ್ನೊಂದು ತಳಿಯಲ್ಲಿ ಕೆಟ್ಟದ್ದು ನರಗಳಲ್ಲಿ ವಿದ್ಯುತ್ ಹರಿಸುವ ಸೋಡಿಯಂ ದ್ವಾರ. ಮನುಷ್ಯರಲ್ಲಿ ಆ ಬಗೆಯ ವಂಶವಾಹಿಗಳು ಕೆಟ್ಟಾಗ ಕೆಲವು ಜಾತಿಯ ಮೂರ್ಛೆರೋಗ ಬರುತ್ತದೆ. ನುಸಿ ಉರುಳಿಬೀಳುವುದನ್ನು ನೋಡುವುದು ಮಕ್ಕಳಾಟವಾಗಿರಲಿಲ್ಲ.

ಮುಂಬಯಿಗೆ ಮರಳಿದ ಸಿದ್ದಿಕಿ ವಾಸನೆ ಮತ್ತು ರುಚಿಯ ಕಡೆ ತಿರುಗಿದರು. ಕೀನ್ಯಾದಲ್ಲಿ ಹುಟ್ಟಿ ಡಬ್ಲಿನ್‌ನಲ್ಲಿ ಓದಿದ ವೆರೋನಿಕಾ ರೊಡ್ರಿಗಸ್ ಅವರ ವಿದ್ಯಾರ್ಥಿನಿಯಾಗಿ ಬಂದರು. ಕವಲಾಗಿ ಒಡೆಯುವ ಗಾಜಿನ ನಳಿಗೆಯ ಒಂದು ಕೊನೆಯಲ್ಲಿ ವಾಸನೆ ಇಟ್ಟು, ನುಸಿ ಎತ್ತ ಹೋಗುತ್ತದೆ ಎಂದು ನೋಡುವುದು ಅವರ ಪದ್ಧತಿ. ವಾಸನೆ ಹಿಡಿಯಲಾರದ, ರುಚಿ ತಿಳಿಯದ ತಳಿಗಳು ಒಂದೊಂದಾಗಿ ಸಿಕ್ಕಿದವು. 1990ರ ದಶಕದ ಆರಂಭದಲ್ಲಿ ಈ ಬಳಗ ಬೆಂಗಳೂರಿಗೆ ಬಂತು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎದ್ದು ನಿಂತಿತು. ಸಿದ್ದಿಕಿ ಅದರ ಸ್ಥಾಪಕ ನಿರ್ದೇಶಕರು. 2013ರಲ್ಲಿ ಬೆಂಗಳೂರಿನಲ್ಲಿ ತೀರಿಕೊಳ್ಳುವವರೆಗೂ ಅವರು ನುಸಿಯ ಮೂಗಿನ ಬೆನ್ನು ಬಿಡಲಿಲ್ಲ.

ಬೀಗ ಮತ್ತು ಕೀಲಿಕೈ

ವಂಶವಾಹಿಯನ್ನು ಕೆಡಿಸಿ ನೋಡುವ ವಿಧಾನಕ್ಕೆ ಒಂದು ದೊಡ್ಡ ಕೊರತೆಯಿತ್ತು. ಕೆಟ್ಟ ವಂಶವಾಹಿ ದೇಹದ ಎಲ್ಲ ಕೋಶಗಳಲ್ಲೂ ಕೆಟ್ಟಿರುತ್ತದೆ. ನುಸಿ ವಾಸನೆಯತ್ತ ಹೋಗದಿದ್ದರೆ ಕೆಟ್ಟದ್ದು ಮೂಗೋ, ಮಿದುಳೋ, ಕಾಲೋ? ಒಂದು ವಂಶವಾಹಿಗೆ ಹತ್ತು ಕಡೆ ಹತ್ತು ಕೆಲಸ. ಇದನ್ನು ದಾಟಲು 1993ರಲ್ಲಿ ಆಂಡ್ರಿಯಾ ಬ್ರಾಂಡ್ ಮತ್ತು ನಾರ್ಬರ್ಟ್ ಪೆರಿಮನ್ ಒಂದು ಜಾಣ್ಮೆಯ ದಾರಿ ಕಂಡುಕೊಂಡರು.

ಯೀಸ್ಟಿನಲ್ಲಿ 'ಗಾಲ್-4' ಎಂಬ ಪ್ರೋಟೀನ್ ಇದೆ. ಡಿಎನ್‌ಎಯ ಒಂದು ನಿರ್ದಿಷ್ಟ ತುಣುಕಿಗೆ ಅದು ಅಂಟಿಕೊಂಡರೆ ಪಕ್ಕದ ವಂಶವಾಹಿ ಕೆಲಸ ಶುರುಮಾಡುತ್ತದೆ. ತುಣುಕು ಬೀಗ, ಗಾಲ್-4 ಕೀಲಿಕೈ. ನುಸಿಗೆ ಈ ಎರಡರಿಂದಲೂ ಸ್ವಂತ ಉಪಯೋಗವಿಲ್ಲ. ವಿಜ್ಞಾನಿಗಳು ಮಾಡಿದ್ದಿಷ್ಟು: ಒಂದು ತಳಿಯ ನುಸಿಗಳಲ್ಲಿ, ಮಿದುಳಿನ ಆಯ್ದ ಕೆಲವು ಕೋಶಗಳಲ್ಲಿ ಮಾತ್ರ ಕೀಲಿಕೈ ತಯಾರಾಗುವಂತೆ ನೋಡಿಕೊಂಡರು. ಇನ್ನೊಂದು ತಳಿಯ ನುಸಿಗಳಲ್ಲಿ, ತಮಗೆ ಬೇಕಾದ ವಂಶವಾಹಿಯನ್ನು ಬೀಗ ಹಾಕಿ ಎಲ್ಲ ಕೋಶಗಳಲ್ಲೂ ಇಟ್ಟರು. ಎರಡು ತಳಿಗಳಿಗೆ ಮದುವೆ ಮಾಡಿಸಿದರೆ, ಮಕ್ಕಳಲ್ಲಿ ಕೀಲಿಕೈ ಇರುವ ಕೋಶಗಳ ಬೀಗ ಮಾತ್ರ ತೆರೆಯುತ್ತದೆ. ಇಂದು ಸಾವಿರಾರು ಬಗೆಯ ಕೀಲಿಕೈ ತಳಿಗಳು, ಸಾವಿರಾರು ಬಗೆಯ ಬೀಗದ ತಳಿಗಳು ಲೋಕದ ಪ್ರಯೋಗಾಲಯಗಳಲ್ಲಿವೆ. ಒಬ್ಬರು ಇನ್ನೊಬ್ಬರಿಗೆ ಅಂಚೆಯಲ್ಲಿ ಕಳಿಸಿಕೊಡುತ್ತಾರೆ.

ಬೀಗದ ಹಿಂದೆ ಏನು ಇಡಬೇಕು ಎಂಬುದು ಕೇಳುವ ಪ್ರಶ್ನೆಯನ್ನು ಅವಲಂಬಿಸಿದೆ. ಹೊಳೆಯುವ ಪ್ರೋಟೀನಿನ ವಂಶವಾಹಿ ಇಟ್ಟರೆ ಆ ಕೋಶಗಳು ಸೂಕ್ಷ್ಮದರ್ಶಕದಡಿ ದೀಪ ಹಚ್ಚಿದಂತೆ ಕಾಣುತ್ತವೆ. 2001ರಲ್ಲಿ ತೊಶಿಹಿರೊ ಕಿತಾಮೊಟೊ ಬಿಸಿಗೆ ಸೋಲುವ ಶಿಬಿರೆಯ ವಂಶವಾಹಿಯನ್ನೇ ಇಟ್ಟರು. ಈಗ ಇಡೀ ನುಸಿ ಬೀಳುವುದಿಲ್ಲ. ಕೋಣೆ ಬಿಸಿಯಾದಾಗ ಆಯ್ದ ನರಕೋಶಗಳು ಮಾತ್ರ ಮೌನ ತಾಳುತ್ತವೆ, ತಂಪಾದಾಗ ಮತ್ತೆ ಮಾತಾಡುತ್ತವೆ. ಕೆರೆಯ ಪಾಚಿಯೊಂದರಿಂದ ಎರವಲು ತಂದ, ಬೆಳಕು ಬಿದ್ದರೆ ತೆರೆದುಕೊಳ್ಳುವ ಪ್ರೋಟೀನನ್ನು ಇಟ್ಟರೆ ಬೆಳಕಿನ ಗುಂಡಿ ಒತ್ತಿ ನರಕೋಶವನ್ನು ಎಬ್ಬಿಸಬಹುದು. ಈ ಬೆಳಕಿನ ತಂತ್ರ 2005ರಿಂದೀಚಿನದು. 2012ರಲ್ಲಿ ಬಂದ ಕ್ರಿಸ್ಪರ್ ಎಂಬ ಕತ್ತರಿಯಿಂದ ಬೇಕಾದ ವಂಶವಾಹಿಯನ್ನು ಬೇಕಾದ ಕಡೆಯೇ ಕತ್ತರಿಸಬಹುದು. ಅದನ್ನು ರೂಪಿಸಿದ ಶಾರ್ಪಾಂತಿಯೇ ಮತ್ತು ಡೌಡ್ನಾ ಅವರಿಗೆ 2020ರಲ್ಲಿ ನೊಬೆಲ್ ದೊರೆಯಿತು.

ಹೀಗೆ ಎರಡು ಬಗೆಯ ಪರೀಕ್ಷೆ ಸಾಧ್ಯವಾಯಿತು. ಕೋಶಗಳನ್ನು ಸುಮ್ಮನಾಗಿಸಿದಾಗ ನಡವಳಿಕೆ ನಿಂತರೆ, ಆ ನಡವಳಿಕೆಗೆ ಅವು ಬೇಕೇ ಬೇಕು. ಅವನ್ನಷ್ಟೇ ಎಬ್ಬಿಸಿದಾಗ ನಡವಳಿಕೆ ಮೂಡಿದರೆ, ಅದನ್ನು ಹೊರಡಿಸಲು ಅಷ್ಟೇ ಸಾಕು. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಯಕ್ಷಗಾನದಲ್ಲಿ ಚಂಡೆ ನಿಂತರೆ ವೀರರಸದ ಕುಣಿತ ಅಲ್ಲಿಗೇ ಸೊರಗುತ್ತದೆ. ಹಾಗೆಂದು ಪ್ರಸಂಗವೆಲ್ಲ ಚಂಡೆಯೊಳಗೆ ತುಂಬಿತ್ತು ಎಂದು ಯಾರೂ ಹೇಳುವುದಿಲ್ಲ. ಭಾಗವತರು, ಮದ್ದಲೆ, ವೇಷಧಾರಿ, ಎದುರಿಗೆ ಕುಳಿತ ಪ್ರೇಕ್ಷಕ ಎಲ್ಲ ಸೇರಿದರೆ ಆಟ. ಒಂದು ವಂಶವಾಹಿ ಕೆಟ್ಟು ಒಂದು ನಡವಳಿಕೆ ತಪ್ಪಿದರೆ, ಆ ವಂಶವಾಹಿ ಆ ಮೇಳದ ಒಬ್ಬ ಸದಸ್ಯ ಎಂದಷ್ಟೇ ಅರ್ಥ. ಪತ್ರಿಕೆಗಳಲ್ಲಿ ಆಗಾಗ ಕಾಣುವ 'ಸಿಟ್ಟಿನ ಜೀನ್ ಪತ್ತೆ', 'ಬುದ್ಧಿಯ ಜೀನ್ ಪತ್ತೆ' ಎಂಬ ತಲೆಬರಹಗಳು ತಪ್ಪುವುದು ಇಲ್ಲಿಯೇ.

ವಾಸನೆಗೆ ಒಗ್ಗಿಕೊಳ್ಳುವುದು

ಇದನ್ನು ಸ್ಪಷ್ಟವಾಗಿ ತೋರಿಸುವ ಒಂದು ಪ್ರಯೋಗ ನಮ್ಮ ಬೆಂಗಳೂರಿನದೇ. ಮೊದಲ ಬಾರಿ ಬಂದರಿಗೆ ಬಂದ ಘಟ್ಟದ ಮೇಲಿನವರಿಗೆ ಒಣಮೀನಿನ ವಾಸನೆ ಮೂಗಿಗೆ ಬಡಿಯುತ್ತದೆ. ಅಲ್ಲೇ ಬಾಳುವವರಿಗೆ ಅದರ ಅರಿವೇ ಇರುವುದಿಲ್ಲ. ಇದು ಮೀನಿಗಷ್ಟೇ ಅಲ್ಲ. ಭಟ್ಕಳ ಮಲ್ಲಿಗೆಯ ದಂಡೆ ಕಟ್ಟುತ್ತ ಕುಳಿತವರಿಗೂ ಸ್ವಲ್ಪ ಹೊತ್ತಾದ ಮೇಲೆ ಆ ಕಂಪು ತಿಳಿಯುವುದಿಲ್ಲ. ದಾರಿಯಲ್ಲಿ ಹೋಗುವವರು ಮಾತ್ರ ತಿರುಗಿ ನೋಡುತ್ತಾರೆ.

ನುಸಿಗಳೂ ಹೀಗೆ ಒಗ್ಗಿಕೊಳ್ಳುತ್ತವೆ. ವೆರೋನಿಕಾ ರೊಡ್ರಿಗಸ್, ಡಬ್ಲಿನ್‌ನ ಮಣಿ ರಾಮಸ್ವಾಮಿ ಮತ್ತು ಅವರ ಸಂಗಡಿಗರು ನುಸಿಗಳನ್ನು ನಾಲ್ಕು ದಿನ ಒಂದೇ ಬಗೆಯ ವಾಸನೆಯ ನಡುವೆ ಇಟ್ಟು ನೋಡಿದರು. ಅನಾನಸಿನಂತೆ ನಾರುವ ಈಥೈಲ್ ಬ್ಯೂಟಿರೇಟ್ ತೀರ ಗಾಢವಾದಾಗ ಸಾಮಾನ್ಯ ನುಸಿಗಳು ಅದರಿಂದ ದೂರ ಸರಿಯುತ್ತವೆ. ನಾಲ್ಕು ದಿನ ಅದರಲ್ಲೇ ಕಳೆದವು ಅಷ್ಟಾಗಿ ಸರಿಯಲಿಲ್ಲ. ಬೇರೆ ವಾಸನೆಗಳನ್ನು ಮಾತ್ರ ಮೊದಲಿನಂತೆಯೇ ಗುರುತಿಸಿದವು. ಹಳೆಯ ವಾಸನೆಯಿಂದ ದೂರವಿಟ್ಟರೆ ಕೆಲವು ದಿನಗಳಲ್ಲಿ ಮತ್ತೆ ಹಳೆಯ ಸ್ವಭಾವ ಮರಳಿತು.

'ರುಟಬೇಗಾ' ಎಂಬ ವಂಶವಾಹಿ ಕೆಟ್ಟ ನುಸಿಗಳು ಹೀಗೆ ಒಗ್ಗಿಕೊಳ್ಳಲಾರವು. ಹೊಸ ಪಾಠ ಕಲಿಯುವುದರಲ್ಲೂ ಅವು ಹಿಂದೆ ಎಂದು ಮೊದಲೇ ಗೊತ್ತಿತ್ತು. ಈಗ ಬೀಗ-ಕೀಲಿಕೈ ಉಪಯೋಗಕ್ಕೆ ಬಂತು. ಮಿದುಳಿನ ವಾಸನೆಯ ಕೇಂದ್ರದಲ್ಲಿ ಇತರ ಕೋಶಗಳಿಗೆ ಬ್ರೇಕ್ ಹಾಕುವ ಒಂದು ಗುಂಪು ನರಕೋಶಗಳಿವೆ. ಆ ಗುಂಪಿನಲ್ಲಿ ಮಾತ್ರ ಸರಿಯಾದ ರುಟಬೇಗಾ ವಂಶವಾಹಿಯನ್ನು ತೆರೆದರು. ನುಸಿ ಮತ್ತೆ ಒಗ್ಗಿಕೊಳ್ಳಲು ಕಲಿಯಿತು. ಒಂದೇ ವಾಸನೆ ಮತ್ತೆ ಮತ್ತೆ ಬಂದಾಗ ಈ ಬ್ರೇಕು ಬಿಗಿಯಾಗುತ್ತದೆ, ಆ ವಾಸನೆಯ ಸುದ್ದಿ ಮುಂದೆ ಹೋಗುವುದಿಲ್ಲ. ಈ ಕೆಲಸ 2011ರಲ್ಲಿ ಪ್ರಕಟವಾಯಿತು. ಅದನ್ನು ನೋಡಲು ರೊಡ್ರಿಗಸ್ ಇರಲಿಲ್ಲ. 2010ರಲ್ಲಿಯೇ ಅವರು ಕಾಲವಾಗಿದ್ದರು.

ಈ ಪ್ರಯೋಗದ ಅರ್ಥವನ್ನು ನಿಧಾನವಾಗಿ ಗಮನಿಸಬೇಕು. ಒಗ್ಗಿಕೊಳ್ಳುವ ಶಕ್ತಿ ಹುಟ್ಟಿನಿಂದ ಬಂದದ್ದು. ಅದಕ್ಕೆ ವಂಶವಾಹಿ ಬೇಕು. ಆದರೆ ಯಾವ ವಾಸನೆಗೆ ಒಗ್ಗಿಕೊಳ್ಳಬೇಕು ಎಂಬುದು ವಂಶವಾಹಿಯಲ್ಲಿ ಬರೆದಿಲ್ಲ. ಅದನ್ನು ತೀರ್ಮಾನಿಸಿದ್ದು ನುಸಿ ಬಾಳಿದ ಜಾಗ. ವಂಶವಾಹಿಯ ಕೆಲಸವೇ ಇಲ್ಲಿ ಬದಲಾಗುವ ಸಾಮರ್ಥ್ಯವನ್ನು ಕೊಡುವುದು.

ಕೆನಡಾದ ಮಾರ್ಲಾ ಸೊಕೊಲೋವ್‌ಸ್ಕಿ ಕಂಡದ್ದೂ ಇಂಥದೇ. ನುಸಿಯ ಮರಿಹುಳುಗಳಲ್ಲಿ ಆಹಾರ ಹುಡುಕುತ್ತ ದೂರ ಅಲೆಯುವವು ಕೆಲವು, ಒಂದೇ ಕಡೆ ಕುಳಿತು ಮೇಯುವವು ಕೆಲವು. ವ್ಯತ್ಯಾಸಕ್ಕೆ ಕಾರಣ ಒಂದೇ ವಂಶವಾಹಿಯ ಎರಡು ರೂಪಗಳು. ಇದಕ್ಕಿಂತ ಗಟ್ಟಿಯಾದ ಹುಟ್ಟುಗುಣ ಬೇಕೇ? ಆದರೂ ಅಲೆಮಾರಿ ಮರಿಗಳನ್ನು ಉಪವಾಸ ಕೆಡವಿದರೆ ಅವು ಕೂರುಗುಳಿಗಳಂತೆ ವರ್ತಿಸತೊಡಗುತ್ತವೆ. ಗುಣ ಹುಟ್ಟಿನದು, ಅದು ಹೊರಬೀಳುವ ರೀತಿ ಬದುಕಿನದು.

ರಕ್ತದ ಲೆಕ್ಕ ತಪ್ಪಿದಾಗ

ನುಸಿಯಲ್ಲೇ ಹೀಗಿರುವಾಗ ಮನುಷ್ಯರ ವಿಷಯದಲ್ಲಿ ಎಷ್ಟು ಎಚ್ಚರಿಕೆ ಬೇಕು? ಈ ಎಚ್ಚರಿಕೆ ತಪ್ಪಿದ ಇತಿಹಾಸ ನಮ್ಮ ನೆರೆಯಲ್ಲೇ ಇದೆ. 1871ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಕೆಲವು ಸಮುದಾಯಗಳಲ್ಲಿ ಕಳ್ಳತನ ಹುಟ್ಟಿನಿಂದಲೇ ಬರುತ್ತದೆ ಎಂಬುದು ಅದರ ಆಧಾರ. ಮಗು ಏನನ್ನೂ ಮಾಡುವ ಮೊದಲೇ ಅಪರಾಧಿ. ನಮ್ಮ ಜಿಲ್ಲೆಯೂ ಸೇರಿದ್ದ ಅಂದಿನ ಮುಂಬಯಿ ಪ್ರಾಂತದಲ್ಲಿ ಇಂಥ ಕುಟುಂಬಗಳನ್ನು ವಸಾಹತುಗಳಲ್ಲಿ ಕೂಡಿಹಾಕಿ ಹಾಜರಿ ತೆಗೆಯುತ್ತಿದ್ದರು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಇಂದಿಗೂ 'ಸೆಟ್ಲ್‌ಮೆಂಟ್' ಎಂಬ ಹೆಸರಿನ ಬಡಾವಣೆಗಳು ಉಳಿದಿವೆ. ಕಾಯ್ದೆ 1952ರಲ್ಲಿ ರದ್ದಾಯಿತು. ಮನಸ್ಸಿನಿಂದ ಅದು ಪೂರ್ತಿ ಹೋಗಿದೆ ಎನ್ನುವಂತಿಲ್ಲ. ಆ ಜನರನ್ನು ಬಡತನಕ್ಕೂ ಅಲೆದಾಟಕ್ಕೂ ದೂಡಿದ ಕಾರಣಗಳನ್ನು ಹುಡುಕುವ ಶ್ರಮವನ್ನು 'ರಕ್ತ' ಎಂಬ ಒಂದೇ ಶಬ್ದ ಉಳಿಸಿಬಿಟ್ಟಿತ್ತು.

ಕೆರೆಮನೆಯವರ ಕಲೆಯನ್ನು ಹೊಗಳುವಾಗಲೂ ನಾವು ಇದೇ ಸೋಮಾರಿತನ ತೋರಿಸುತ್ತೇವೆ. ಶಂಭು ಹೆಗಡೆಯವರು ಮನೆಯ ವಿದ್ಯೆ ಸಾಲದೆಂದು ದೆಹಲಿಗೆ ಹೋಗಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತರು. ಗುಣವಂತೆಯಲ್ಲಿ ಯಕ್ಷಗಾನ ಕಲಿಸಲು ಶಾಲೆ ತೆರೆದರು. ರಕ್ತದಲ್ಲೇ ಬರುವುದಾದರೆ ಶಾಲೆ ಏಕೆ ಬೇಕಿತ್ತು? ತೊಟ್ಟಿಲಲ್ಲಿರುವಾಗಲೇ ಮದ್ದಲೆ ಕೇಳುವ, ನಡೆಯುವ ಮೊದಲೇ ತಾಳ ಹಿಡಿಯುವ ಮಗುವಿಗೆ ಕಲಿಯುವ ಶಕ್ತಿ ಹುಟ್ಟಿನಿಂದ ಬಂದಿರಬಹುದು. ಕಲಿತದ್ದು ಮಾತ್ರ ಮನೆಯಿಂದ, ಗುರುವಿನಿಂದ, ಬೆವರಿನಿಂದ. ತಂದೆ ಮಕ್ಕಳಿಗೆ ವಂಶವಾಹಿಯನ್ನಷ್ಟೇ ಅಲ್ಲ, ಅಂಗಳವನ್ನೂ ಬಿಟ್ಟುಹೋಗುತ್ತಾನೆ.

ಇನ್ನು ಆ ಚಿಕ್ಕಪ್ಪನ ಕಾಯಿಲೆಯ ಪ್ರಶ್ನೆ. ಇಲ್ಲಿ ಅನುವಂಶೀಯತೆಯ ಪಾತ್ರ ಇದೆ ಎಂಬುದನ್ನು ಮರೆಮಾಚಬೇಕಿಲ್ಲ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗೆ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಲ್ಲಿ ಸುಮಾರು ನೂರಕ್ಕೆ ಹತ್ತು. ಅಂದರೆ ನೂರಕ್ಕೆ ತೊಂಬತ್ತು ಮಕ್ಕಳಿಗೆ ಬರುವುದಿಲ್ಲ. ಚಿಕ್ಕಪ್ಪ, ಸೋದರಮಾವನಂಥವರಿಗೆ ಇದ್ದರೆ ಅಪಾಯ ಇನ್ನೂ ಕಡಿಮೆ. ಎಲ್ಲ ವಂಶವಾಹಿಗಳೂ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದಾಗ ಇನ್ನೊಬ್ಬರಿಗೆ ಬರುವುದು ಅರ್ಧದಷ್ಟು ಸಂದರ್ಭಗಳಲ್ಲಿ, ಅಥವಾ ಅದಕ್ಕೂ ಕಡಿಮೆ. ಉಳಿದದ್ದು ಬದುಕಿನ ಪಾಲು. 2022ರ ಒಂದು ದೊಡ್ಡ ಅಧ್ಯಯನ ಈ ರೋಗಕ್ಕೆ ಸಂಬಂಧಿಸಿದ 287 ತಾಣಗಳನ್ನು ನಮ್ಮ ವರ್ಣತಂತುಗಳಲ್ಲಿ ಗುರುತಿಸಿತು. ಪ್ರತಿಯೊಂದರ ಪ್ರಭಾವವೂ ಅತಿ ಸಣ್ಣದು. ಕೆಟ್ಟ ಜೀನ್ ಒಂದು ಕುಲದಲ್ಲಿದೆ, ಇನ್ನೊಂದರಲ್ಲಿಲ್ಲ ಎಂಬ ಲೆಕ್ಕಕ್ಕೆ ಇಲ್ಲಿ ಜಾಗವೇ ಇಲ್ಲ. ಆ ತಾಣಗಳ ಕೆಲವಾದರೂ ಅಪಾಯಕಾರಿ ರೂಪಗಳು ಸಂಬಂಧ ಮುರಿದವರ ಮನೆಯಲ್ಲೂ ಇರುತ್ತವೆ.

ನುಸಿಗೆ ಮಾಡಿದ್ದನ್ನು ಮನುಷ್ಯರಿಗೆ ಮಾಡಲಾಗದು, ಮಾಡಲೂಬಾರದು. ಹಾಗಾದರೆ ದಾರಿ ಯಾವುದು? ಬೆಂಗಳೂರಿನ ನಿಮ್ಹಾನ್ಸ್ ಮತ್ತು ಅದೇ ಜೀವವಿಜ್ಞಾನ ಕೇಂದ್ರದವರು 2016ರಲ್ಲಿ ಜೊತೆಗೂಡಿ ಒಂದು ಯೋಜನೆ ಆರಂಭಿಸಿದರು. ಒಬ್ಬರಿಗಿಂತ ಹೆಚ್ಚು ಜನರಿಗೆ ಮನೋರೋಗವಿರುವ ಕುಟುಂಬಗಳು ಒಪ್ಪಿಗೆಯಿಂದ ಕೊಟ್ಟ ರಕ್ತದ ಕೋಶಗಳನ್ನು ಆಕರ ಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ಗಾಜಿನ ತಟ್ಟೆಯಲ್ಲಿ ನರಕೋಶ ಬೆಳೆಸುತ್ತಾರೆ. ಒಂದೇ ಮನೆಯ ರೋಗಿಯ ಕೋಶಗಳನ್ನೂ ಆರೋಗ್ಯವಂತ ಅಣ್ಣ-ತಮ್ಮಂದಿರ ಕೋಶಗಳನ್ನೂ ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. ಆ ಹೋಲಿಕೆಯಲ್ಲಿ ಒಂದು ಕುತೂಹಲದ ಪ್ರಶ್ನೆ ಅಡಗಿದೆ: ಅದೇ ರಕ್ತ ಹಂಚಿಕೊಂಡೂ ಕಾಯಿಲೆ ಬೀಳದವರನ್ನು ಕಾಪಾಡಿದ್ದು ಯಾವುದು?

ನಮ್ಮ ಊರುಗಳಲ್ಲಿ ಈ ಪ್ರಶ್ನೆ ಕೇಳುವ ಅಭ್ಯಾಸವಿಲ್ಲ. ಗಾದೆಗಳಲ್ಲೇ ನೋಡಿ: ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಬಾಯಿಯೇ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದೂ ಹೇಳುತ್ತದೆ. ಎರಡನೆಯ ಗಾದೆ ಬಗ್ಗಿಸಬಹುದಾದ ಕಾಲವೊಂದಿದೆ ಎಂದು ಒಪ್ಪಿಕೊಂಡಿದೆ. ಬೆಂಗಳೂರಿನ ನುಸಿಗಳು ಹೇಳಿದ್ದೂ ಬಹುಪಾಲು ಅದನ್ನೇ. ಮನೋರೋಗಕ್ಕೆ ಔಷಧ ಇದೆ. ಬೇಗ ಆರಂಭಿಸಿದಷ್ಟೂ ಫಲ ಹೆಚ್ಚು. ಬಚ್ಚಿಟ್ಟಷ್ಟೂ ಅದು ಬಲಿಯುತ್ತದೆ. ಸಂಬಂಧ ನೋಡುವಾಗ ಆ ಮನೆಯಲ್ಲಿ ಯಾರಿಗಾದರೂ ತಲೆ ಕೆಟ್ಟಿತ್ತೇ ಎಂದು ವಿಚಾರಿಸುವವರು, ಕಾಯಿಲೆ ಬಿದ್ದವರನ್ನು ಆ ಮನೆಯವರು ಹೇಗೆ ನೋಡಿಕೊಂಡರು ಎಂದೂ ವಿಚಾರಿಸಲಿ. ಮುಂದೆ ಬಾಳಬೇಕಾದ ಮನೆಯ ಬಗ್ಗೆ ಅದರಿಂದ ತಿಳಿಯುವುದೇ ಹೆಚ್ಚು.